ಸಿಪಾಯಿ ಮೇಷ್ಟ್ರ ಕೇಳದ ಕಿವಿ

"ಗಲ್ಲ ಒಂಚೂರು ಎತ್ತಿ ಮೇಷ್ಟ್ರೇ," ಎಂದುಬಿಟ್ಟ ಕ್ಷೌರಿಕ. ಆಮೇಲೆ ನಾಲಿಗೆ ಕಚ್ಚಿಕೊಂಡು, ಸತ್ತವರ ಗಲ್ಲವನ್ನು ತಾನೇ ಎರಡು ಬೆರಳಲ್ಲಿ ಮೇಲೆತ್ತಿ ಕತ್ತಿಯಾಡಿಸಿದ.

ಕಬ್ಬಿಣದ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದಿದ್ದರು. ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದ ಮಗಳು ನೊರೆಯೊಳಗಿಂದ ಅಪ್ಪನ ಕೆನ್ನೆ ಹೊರಬರುವುದನ್ನೇ ನೋಡುತ್ತಿದ್ದಳು.

"ಅಭ್ಯಾಸ ನೋಡಿ," ಎಂದ ಕ್ಷೌರಿಕ, ಸಂಕೋಚ ಮುಚ್ಚಿಕೊಳ್ಳಲು. "ಏನು ಹೇಳ್ಬೇಕಾದ್ರೂ ಈ ಬಲಗಿವಿ ಹತ್ರ ಬಾಯಿ ತರ್ಬೇಕಿತ್ತು. ಎಡಗಿವಿ ಯುದ್ಧದಲ್ಲೇ ಹೋಗಿತ್ತಲ್ಲ."

"ಹೋಗಿದ್ದು ಬಲಗಿವಿ," ಎಂದಳು ಮಗಳು.

"ಎಡಗಿವಿ ಕಣ್ರಮ್ಮಾ."

"ನಾನು ಅವರ ಮಗಳು."

"ನನ್ನ ಕುರ್ಚೀಲಿ ಕೂತವರ ಕಿವಿ ನನಗೆ ಗೊತ್ತಿಲ್ವಾ? ಒಂದ್ಸಲ ಎಡಗಡೆ ಹಿತ್ತಾಳೆ ತಟ್ಟೆ ಬಿದ್ದು ಊರಿಗೆಲ್ಲ ಕೇಳಿಸ್ತು. ಇವರು ರೆಪ್ಪೇನೂ ಮಿಟುಕಿಸ್ಲಿಲ್ಲ."

"ಅಪ್ಪ ಯಾವತ್ತು ಯಾವುದಕ್ಕೆ ರೆಪ್ಪೆ ಮಿಟುಕಿಸಿದ್ರು?"

"ಸತ್ತವರ ತಲೆ ಮೇಲೆ ಏನದು ಜಗಳ?" ಎಂದು ಒಳಗಿನಿಂದ ಅಮ್ಮನ ದನಿ ಬಂತು. ಇಬ್ಬರೂ ಸುಮ್ಮನಾದರು.

ಸುಮ್ಮನಾದಳೇನೋ ಸರಿ, ಆದರೆ ಮಗಳ ತಲೆಯೊಳಗೆ ಹುಳ ಬಿಟ್ಟಾಗಿತ್ತು. ಮಾತು ಕಲಿತ ದಿನದಿಂದ ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳಿ ಕೇಳಿ ಅವಳಿಗೆ 'ಯಾಕಮ್ಮ' ಎಂಬ ಹೆಸರೇ ನಿಂತುಬಿಟ್ಟಿತ್ತು. ಊರಿಗೆ ನೀರು ಬಿಡುವ ಕಚೇರಿಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ನಲ್ಲಿಯಿಂದ, ಬಾವಿಯಿಂದ, ಟ್ಯಾಂಕಿನಿಂದ ನೀರು ಹಿಡಿದು ತಂದು, ಅದರೊಳಗೆ ಕಣ್ಣಿಗೆ ಕಾಣದ್ದು ಏನಿದೆ ಎಂದು ನೋಡುವುದು. ಹುಟ್ಟುಗುಣಕ್ಕೆ ಸಂಬಳವೂ ಸಿಕ್ಕಿದಂತಾಗಿತ್ತು. ಅಂಥವಳಿಗೆ ಸ್ವಂತ ಅಪ್ಪನ ಯಾವ ಕಿವಿ ಕೇಳುತ್ತಿರಲಿಲ್ಲ ಎಂಬುದರಲ್ಲಿ ಅನುಮಾನ ಬರುವುದೆಂದರೇನು? ಇನ್ನು ಪರೀಕ್ಷೆ ಮಾಡಿ ನೋಡುವ ಹಾಗೂ ಇರಲಿಲ್ಲ.

ಕ್ಷೌರಿಕ ಒದ್ದೆ ಬಟ್ಟೆಯಿಂದ ಮೇಷ್ಟ್ರ ಎರಡೂ ಕಿವಿಗಳನ್ನು ಒಂದೇ ಆಸ್ಥೆಯಿಂದ ಒರೆಸಿದ.

*

ಯುದ್ಧ ಮುಗಿಸಿಕೊಂಡು ಊರಿಗೆ ಬಂದಾಗ ಮೇಷ್ಟ್ರಿಗೆ ಮೀಸೆಯೂ ಸರಿಯಾಗಿ ದಟ್ಟವಾಗಿರಲಿಲ್ಲ. ಸೈನ್ಯದಲ್ಲಿ ಅವರದು ಟೆಲಿಫೋನ್ ತಂತಿ ಎಳೆಯುವ ಕೆಲಸ. ತಂತಿಯ ಉರುಳೆ ಬೆನ್ನಿಗೆ ಕಟ್ಟಿಕೊಂಡು ಒಂದು ಕಂದಕದಿಂದ ಇನ್ನೊಂದಕ್ಕೆ ತೆವಳಬೇಕು. ತುಂಡಾದ ಕಡೆ ಹಲ್ಲಿನಿಂದ ಸುಲಿದು ಗಂಟು ಹಾಕಬೇಕು. "ಎಷ್ಟು ಜನರನ್ನ ಕೊಂದ್ರಿ ಸಾರ್?" ಎಂದು ಪ್ರತಿ ವರ್ಷವೂ ಯಾವನಾದರೊಬ್ಬ ಹುಡುಗ ಕೇಳದೆ ಬಿಡುತ್ತಿರಲಿಲ್ಲ. "ತಂತಿ ಎಳೆದೆ," ಎನ್ನುವುದಷ್ಟೇ ಅವರ ಉತ್ತರ.

ಸೈನ್ಯದಿಂದ ಬಂದವರಿಗೆ ಸರ್ಕಾರ ಶಾಲೆಗಳಲ್ಲಿ ಕೆಲಸ ಕೊಡುತ್ತಿದ್ದ ಕಾಲ. ಮೊದಲ ದಿನ ತರಗತಿಗೆ ಕಾಲಿಟ್ಟವರೇ "ಕೂತ್ಕೊಳ್ಳಿ!" ಎಂದರು. ತರಗತಿ ಕೂತಿತು. ಪಕ್ಕದ ತರಗತಿಯೂ ಕೂತಿತು. ಹೊರಗೆ ನಡೆದುಹೋಗುತ್ತಿದ್ದ ಹೆಡ್‌ಮೇಷ್ಟ್ರು ಕೂಡ ಗೋಡೆಯ ಬದಿಯ ಬೆಂಚಿನ ಮೇಲೆ ದೊಪ್ಪನೆ ಕೂತುಬಿಟ್ಟರು. ಮುಂದಿನ ಸಾಲಿನ ಪುಟ್ಟ ಹುಡುಗನೊಬ್ಬ ಚಡ್ಡಿ ಒದ್ದೆ ಮಾಡಿಕೊಂಡ.

ಮಧ್ಯಾಹ್ನ ಹೆಡ್‌ಮೇಷ್ಟ್ರು ಅವರನ್ನು ಕೋಣೆಗೆ ಕರೆದು, "ಸ್ವಾಮಿ, ಇವರು ಶತ್ರುಗಳಲ್ಲ. ಮಗ್ಗಿ ಬರದವರು, ಅಷ್ಟೇ," ಎಂದರು.

ಆ ಸಂಜೆಯಿಂದ ಅವರ ಅಭ್ಯಾಸ ಶುರುವಾಯಿತು. ಊರಾಚೆ ಹಾಳುಬಿದ್ದ ಇಟ್ಟಿಗೆ ಗೂಡೊಂದಿತ್ತು. ಹೊಸದಾಗಿ ಮದುವೆಯಾದ ಹೆಂಡತಿಯನ್ನು ಅದರ ಒಂದು ತುದಿಯಲ್ಲಿ ಕೂರಿಸಿ, ತಾವು ಇನ್ನೊಂದು ತುದಿಯಲ್ಲಿ ನಿಂತು ಪಾಠ ಒಪ್ಪಿಸುತ್ತಿದ್ದರು. ಕೇಳಿಸುತ್ತಿರುವಷ್ಟು ಹೊತ್ತೂ ಅವಳು ಕೈ ಎತ್ತಿ ಹಿಡಿದಿರಬೇಕು. ಕೈ ಕೆಳಗಿಳಿಯುವವರೆಗೂ ಇವರು ದನಿ ತಗ್ಗಿಸುತ್ತಾ ಹೋಗಬೇಕು. ಮದುವೆಯಾದ ಹೊಸದರಲ್ಲಿ ಗಂಡ ಸಂಜೆ ಹೊತ್ತು ಎಲ್ಲಿಗೆ ಕರೆದುಕೊಂಡು ಹೋಗುತ್ತಾನೆ ಎಂದು ಗೆಳತಿಯರು ಕೇಳಿದರೆ ಆಕೆಗೆ ಏನು ಹೇಳಬೇಕೋ ತೋಚುತ್ತಿರಲಿಲ್ಲವಂತೆ.

ಕೊನೆಗೆ ಅವರ ದನಿ ಎಷ್ಟು ತಗ್ಗಿತೆಂದರೆ, ಪಾಠ ಕೇಳಬೇಕಾದರೆ ಹುಡುಗರು ಉಸಿರು ಬಿಗಿಹಿಡಿದು ಕೂರಬೇಕಾಗಿತ್ತು. ಉಳಿದ ಮೇಷ್ಟ್ರುಗಳಿಗೆ ಬೆತ್ತ ಮುರಿದರೂ ತರಲಾಗದ ಶಿಸ್ತು ಈ ಪಿಸುದನಿಗೆ ತಾನಾಗಿ ಬಂತು. ಸಿಪಾಯಿ ಮೇಷ್ಟ್ರ ತರಗತಿಯಲ್ಲಿ ಸೊಳ್ಳೆ ಹಾರಿದರೂ ಎಲ್ಲರಿಗೂ ಕೇಳಿಸುತ್ತದೆ, ಅವರೊಬ್ಬರನ್ನು ಬಿಟ್ಟು, ಎಂದು ಊರೇ ಹೇಳುತ್ತಿತ್ತು.

*

ಹೊತ್ತೇರುವಷ್ಟರಲ್ಲಿ ಮನೆಯ ಮುಂದಿನ ಬೀದಿ ತುಂಬಿತು. ಬಾಡಿಗೆ ಕುರ್ಚಿಗಳು ಬಂದವು. ಕ್ಷೌರಿಕ ಅಂಗಡಿಗೆ ಹಿಂತಿರುಗದೆ ತಾನೂ ಒಂದು ಕುರ್ಚಿ ಹಿಡಿದ. ಯಾಕಮ್ಮ ಬಂದವರಿಗೆಲ್ಲ ನೀರು ಕೊಡುವ ನೆಪದಲ್ಲಿ ಅದೇ ಪ್ರಶ್ನೆ ಕೇಳುತ್ತ ಹೊರಟಿದ್ದಳು. "ಅಪ್ಪನಿಗೆ ಯಾವ ಕಿವಿ ಕೇಳಿಸ್ತಿರ್ಲಿಲ್ಲ?" ಕೆಲವರು, ಪಾಪ, ದುಃಖದಲ್ಲಿ ಇವಳಿಗೆ ಏನೋ ಆಗಿದೆ ಎಂದುಕೊಂಡು ಲೋಟ ಹಿಂದಕ್ಕೆ ಕೊಟ್ಟರು.

"ಎಡಗಿವಿ," ಎಂದರು ವಕೀಲರು, ಯೋಚಿಸದೆ. "ಬೇಕಾದ್ರೆ ಪ್ರಮಾಣ ಮಾಡಿ ಹೇಳ್ತೀನಿ."

ಕ್ಷೌರಿಕ ಗೆದ್ದವನ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡ.

ವಕೀಲರದು ನಗಾರಿಯಂಥ ಗಂಟಲು. ಅವರು ವಾದಕ್ಕೆ ಎದ್ದರೆ ಕೋರ್ಟಿನ ಹೊರಗೆ ಬಿಸಿಲಲ್ಲಿ ನಿಂತವರೂ ಕಿವಿಗೊಡುತ್ತಿದ್ದರು. "ಈಗ ನೋಡಿದ್ರೆ ನಂಬಲ್ಲ ನೀವು," ಎಂದರು. "ಹುಡುಗನಾಗಿದ್ದಾಗ ನನಗೆ ಉಗ್ಗು. ನನ್ನ ಹೆಸರು ಹೇಳಿ ಮುಗಿಸೋದ್ರೊಳಗೆ ಹಾಜರಿ ಪುಸ್ತಕದಲ್ಲಿ ಮುಂದಿನವನ ಸರದಿ ಬಂದಿರೋದು. ಓದು ಅಂತ ಎಬ್ಬಿಸಿದ್ರೆ ಇಡೀ ಕ್ಲಾಸಿಗೆ ಹಬ್ಬ. ಒಂದಿನ ಊಟದ ಬಿಡುವಲ್ಲಿ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ರು, ನನ್ನನ್ನ ಕರೆದ್ರು. 'ನೋಡಯ್ಯಾ, ಈ ಎಡಗಿವಿ ಸತ್ತುಹೋಗಿದೆ, ಶೆಲ್ ಬಿದ್ದು. ನೀನು ಪಕ್ಕದಲ್ಲಿ ಕೂತು ಏನು ಓದಿದ್ರೂ ನನಗೆ ಕೇಳ್ಸಲ್ಲ. ಒಬ್ಬನೇ ಕೂತು ಓದೋಕೆ ಬೇಜಾರಲ್ವಾ, ಇಲ್ಲಿ ಕೂತ್ಕೋ,' ಅಂದ್ರು. ಅವರು ತಮ್ಮ ಬುತ್ತಿ ತಿಂತಿದ್ರು, ನಾನು ಆ ಕಿವಿಗೆ ಓದ್ತಿದ್ದೆ. ಕ-ಕ-ಕ ಅಂತ ಎಷ್ಟು ಹೊತ್ತು ಒದ್ದಾಡಿದ್ರೂ ಅವಸರ ಇಲ್ಲ, ನಗು ಇಲ್ಲ. ಕಲ್ಲಿಗೆ ಓದಿದ ಹಾಗೆ. ಆದ್ರೆ ಕಲ್ಲು ಬೆಚ್ಚಗಿತ್ತು."

"ಆಮೇಲೆ?"

"ಆಮೇಲೇನು. ನಾಲಿಗೆ ದಾರಿಗೆ ಬಂತು. ಕಿವುಡನ ಮುಂದೆ ಕಿನ್ನರಿ ಬಾರಿಸಿದ್ರೆ ಏನು ಪ್ರಯೋಜನ ಅಂತಾರಲ್ಲ, ನಾನು ಅಲ್ಲೇ ಬಾರಿಸೋದು ಕಲ್ತಿದ್ದು."

ಸುತ್ತ ಕೂತವರು ಮೆಲ್ಲಗೆ ನಕ್ಕರು.

"ಬಲಗಿವಿ ಅದು," ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿದರು. ಬಸ್ಸಿನ ಕಂಡಕ್ಟರ್ ಕೆಲಸದ ಹೆಂಗಸೊಬ್ಬಳು ಬಾಗಿಲ ಕಂಬಕ್ಕೊರಗಿ ನಿಂತಿದ್ದಳು. ನಡುವಯಸ್ಸು. ಡ್ಯೂಟಿಯಿಂದ ನೇರ ಬಂದಿದ್ದಳು. ಖಾಕಿ ಅಂಗಿ, ಹೆಗಲಿಗೆ ಚರ್ಮದ ಟಿಕೆಟು ಚೀಲ.

"ಅಯ್ಯೋ ತಾಯಿ, ಈಗ ತಾನೇ ವಕೀಲರು ಹೇಳಿದ್ರಲ್ಲ," ಎಂದ ಕ್ಷೌರಿಕ.

"ಅವರ ವಿಷಯ ನನಗೆ ಗೊತ್ತಿಲ್ಲ. ನನಗೆ ಅವರೇ ಬಾಯಾರೆ ಹೇಳಿದ್ದು. ಅದೇ ಮೆಟ್ಟಿಲು, ಅದೇ ಊಟದ ಹೊತ್ತು. ನಾನು ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ. 'ಮಗೂ, ಈ ಬಲಗಿವೀಲಿ ನನಗೆ ಏನೂ ಕೇಳ್ಸಲ್ಲ. ಹೊಟ್ಟೇಲಿ ಇಟ್ಕೊಳ್ಳೋಕೆ ಆಗದ್ದು ಏನಾದ್ರೂ ಇದ್ರೆ ಇಲ್ಲಿ ಹಾಕು, ಯಾರಿಗೂ ಗೊತ್ತಾಗಲ್ಲ,' ಅಂದ್ರು."

ಯಾಕಮ್ಮ ನೀರಿನ ಹೂಜಿ ಕೆಳಗಿಟ್ಟಳು. "ಹಾಕಿದ್ರಾ?"

ಆಕೆ ಚೀಲದ ಗುಂಡಿಯನ್ನು ತೆಗೆದು, ಮತ್ತೆ ಹಾಕಿದಳು. "ಹಾಕಿದೆ. ಅಮ್ಮ ಎರಡನೇ ಸಲ ಮದುವೆ ಆಗಿದ್ರು. ಆ ಮನುಷ್ಯನ ಕೈ ಚೆನ್ನಾಗಿರ್ಲಿಲ್ಲ. ಬೆಲ್ಟು, ಒಲೆ ಊದೋ ಕೊಳವೆ, ಏನು ಸಿಕ್ಕಿದ್ರೆ ಅದು. ಅಂಗಿ ಕೆಳಗೆ ಕಾಣದ ಕಡೆ ನೋಡಿ ಹೊಡೀತಿದ್ದ. ಅಷ್ಟನ್ನೂ ಹೇಳಿದೆ. ಮೇಷ್ಟ್ರು ಎದುರಿಗಿದ್ದ ಮರ ನೋಡ್ತಾ ಅಗೀತಾನೇ ಇದ್ರು. ನನ್ನ ಕಡೆ ತಿರುಗಲೂ ಇಲ್ಲ. ನಿಜವಾಗ್ಲೂ ಕೇಳ್ಸಿಲ್ಲ ಅಂತ ಆವಾಗಲೇ ಧೈರ್ಯ ಬಂದಿದ್ದು ನನಗೆ."

"ಮತ್ತೆ?"

"ಮತ್ತೇನಿಲ್ಲ. ಆ ವಾರವೇ ನಮ್ಮ ಚಿಕ್ಕಮ್ಮ ಅಷ್ಟು ದೂರದಿಂದ ಬಂದು, ಅಮ್ಮನ ಜೊತೆ ಜಗಳ ಆಡಿ, ನನ್ನ ಕರ್ಕೊಂಡು ಹೋದ್ರು. ಅಲ್ಲೇ ಬೆಳೆದೆ."

"ಚಿಕ್ಕಮ್ಮ ಯಾಕೆ ಬಂದ್ರು?"

"ಅವರಿಗೆ ಕನಸು ಬಿದ್ದಿತ್ತಂತೆ. ಸಾಯೋವರೆಗೂ ಅದನ್ನೇ ಹೇಳ್ತಿದ್ರು. ನೀನು ಅಳ್ತಿರೋ ಹಾಗೆ ಕನಸು ಬಿತ್ತು ಕಣೇ, ಅದಕ್ಕೇ ಓಡಿ..."

ಆಕೆಯ ಮಾತು ಅಲ್ಲಿಗೇ ನಿಂತಿತು. ಬಾಯಿ ಇನ್ನೂ ತೆರೆದೇ ಇತ್ತು. ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಕ್ಷೌರಿಕ ಕಾಲ ಮೇಲಿನ ಕಾಲು ಇಳಿಸಿದ.

"ಕನಸು ಅಂತೆ," ಎಂದು ಆಕೆ ತನಗೆ ತಾನೇ ಇನ್ನೊಮ್ಮೆ ಹೇಳಿಕೊಂಡಳು. ಒಳಗಿನ ಕಬ್ಬಿಣದ ಮಂಚದ ಕಡೆ ನೋಡಿದಳು.

*

ಕೆಲವು ವರ್ಷಗಳ ಹಿಂದೆ ಯಾಕಮ್ಮನ ಗಂಡ ಬೇರೊಂದು ಊರಿಗೆ ವರ್ಗವಾಗಿ ಹೋದವನು ಅಲ್ಲಿಂದ ಅವಳನ್ನು ಕರೆಸಿಕೊಳ್ಳಲೂ ಇಲ್ಲ, ಹಿಂತಿರುಗಲೂ ಇಲ್ಲ. ಅವಳು ಎರಡು ಪೆಟ್ಟಿಗೆ ಹಿಡಿದು ಅಪ್ಪನ ಮನೆಗೆ ಬಂದಳು. ಅಯ್ಯೋ ಪಾಪ ಎನ್ನುವವರಿಗೆ ಕೊರತೆಯಿರಲಿಲ್ಲ. ಅವರ ಮುಂದೆ ಮುಖ ಸಣ್ಣದು ಮಾಡಿಕೊಂಡು ಕೂತು ಕೂತು ಕೆನ್ನೆ ನೋಯುತ್ತಿತ್ತು.

ಸಂಜೆ ಹೊತ್ತು ಅಪ್ಪ ಹೊರಗಿನ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕೂರುತ್ತಿದ್ದರು. ಅವಳು ಅವರ ಬಲಪಕ್ಕದಲ್ಲಿ ಕೂತು ಮನಸ್ಸಿಗೆ ಬಂದದ್ದೆಲ್ಲ ಹೇಳುತ್ತಿದ್ದಳು. ಗೋಡೆಗಾದರೂ ಕಿವಿ ಇರುತ್ತದೆ, ಅಪ್ಪನ ಬಲಗಡೆಗೆ ಅದೂ ಇಲ್ಲ ಎಂಬ ಧೈರ್ಯ. "ಅವನು ಹೋದದ್ದಕ್ಕೆ ನನಗೆ ದುಃಖಕ್ಕಿಂತ ನಿರಾಳಾನೇ ಜಾಸ್ತಿ ಆಗಿದೆ ಅಪ್ಪಾ. ನಾನು ಕೆಟ್ಟವಳಾ?" ಎಂದು ಒಂದು ದಿನ ಕೇಳಿದಳು. ಅಪ್ಪ ಹಾಳೆ ತಿರುವಿದರು.

ಇನ್ನೊಂದು ದಿನ, ಎಲ್ಲರೂ ಮನೆಗೆ ಹೋದ ಮೇಲೆ ಪ್ರಯೋಗಾಲಯದಲ್ಲಿ ಆಸಿಡ್ಡಿನ ಬಾಟಲಿ ಎದುರಿಗಿಟ್ಟುಕೊಂಡು ತುಂಬ ಹೊತ್ತು ಸುಮ್ಮನೆ ಕೂತಿದ್ದನ್ನು ಹೇಳಿದಳು. "ಯಾಕೆ ಕೂತೆ ಅಂತ ನನಗೇ ಗೊತ್ತಿಲ್ಲ. ಬಿರಡೆ ತೆಗೆದೆ. ಮತ್ತೆ ಹಾಕ್ದೆ." ಅಪ್ಪ ಪತ್ರಿಕೆ ಮಡಿಸಿ, "ಸೆಕೆ ಜಾಸ್ತಿ," ಎಂದು ಎದ್ದು ಒಳಗೆ ಹೋದರು.

ಮರುದಿನ ಸಂಜೆ ಪ್ರಯೋಗಾಲಯದ ಗೇಟಿನ ಬಳಿ ಅಪ್ಪ ಛತ್ರಿ ಊರಿಕೊಂಡು ನಿಂತಿದ್ದರು. ಇದೇನು ಎಂದರೆ, "ಡಾಕ್ಟರು ದಿನಾ ನಡೀಬೇಕು ಅಂದಿದಾರೆ. ಬಾ, ಹೇಗೂ ಒಂದೇ ದಾರಿ," ಎಂದರು. ಆಮೇಲೆ ಮುಂದಿನ ಬೇಸಿಗೆ ಕಳೆಯುವವರೆಗೂ ಅವರು ಒಂದು ಸಂಜೆಯೂ ತಪ್ಪಿಸಲಿಲ್ಲ. ಅವಳು ತಡಮಾಡಿದರೆ ಕಾವಲುಗಾರನ ಸ್ಟೂಲು ಕೇಳಿ ಪಡೆದು ಕಿಟಕಿಯ ಕೆಳಗೇ ಹಾಕಿಕೊಂಡು ಕೂರುತ್ತಿದ್ದರು. ಈ ಮುದುಕನ ಕಾಟದಲ್ಲಿ ಒಂದು ಗಳಿಗೆ ಒಬ್ಬಳೇ ಇರಲಾಗುವುದಿಲ್ಲವಲ್ಲ ಎಂದು ಆಗ ಅವಳಿಗೆ ರೇಗುತ್ತಿತ್ತು.

*

ಅಮ್ಮ ಒಳಕೋಣೆಯಲ್ಲಿ ನೆಲದ ಮೇಲೆ ಕೂತು ಅಪ್ಪನ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದಳು. ಒಂದಕ್ಕೊಂದು ಹೊಂದುತ್ತಿರಲಿಲ್ಲ.

"ಅಮ್ಮಾ, ಆ ವರ್ಷ ಅಪ್ಪನಿಗೆ ದಿನಾ ನಡೀರಿ ಅಂತ ಡಾಕ್ಟರು ಹೇಳಿದ್ರಲ್ಲ?"

"ಯಾವನೇ ಹೇಳಿದ್ದು? ಮಂಡಿ ಸವೆದಿದೆ, ಮನೆ ಬಿಟ್ಟು ಕದಲಬೇಡಿ ಅಂದಿದ್ರು. ಕೇಳಿದ್ರೆ ತಾನೇ? ಬಂದು ಇಲ್ಲಿ ಬಿಸಿನೀರಲ್ಲಿ ಕಾಲಿಟ್ಕೊಂಡು ಹಲ್ಲು ಕಚ್ಚೋರು."

ಯಾಕಮ್ಮ ಬಾಗಿಲಲ್ಲೇ ಕೂತುಬಿಟ್ಟಳು.

"ಯಾವ ಕಿವಿ ಅಮ್ಮಾ ಹೋಗಿದ್ದು?"

ಅಮ್ಮ ಕೈಯಲ್ಲಿದ್ದ ಕಾಲುಚೀಲವನ್ನು ತೊಡೆಯ ಮೇಲಿಟ್ಟು ನೀವಿದಳು. "ಬೆಳಗ್ಗಿಂದ ಊರೆಲ್ಲ ಕೇಳಿದೆ, ನನ್ನ ಹತ್ರ ಈಗ ಬಂದೆ. ಎಡಗಿವಿ ಯುದ್ಧ ತಗೊಳ್ತು. ಬಲಗಿವೀನ ಅವರೇ ಕೊಂದ್ಕೊಂಡ್ರು. ಬೇಕಾದಾಗ ಕೊಲ್ಲೋದು, ಬೇಕಾದಾಗ ಬದುಕಿಸೋದು. ಆ ಉಗ್ಗಿನ ಹುಡುಗ ಓದಿದ್ದು ನಿಜವಾಗ್ಲೂ ಒಂದಕ್ಷರ ಇವರಿಗೆ ಕೇಳಿಸ್ಲಿಲ್ಲ. ಕೇಳದ ಕಿವಿ ಮುಂದೆ ಮಕ್ಕಳ ಬಾಯಿ ಹೇಗೆ ಬಿಚ್ಕೊಳ್ಳುತ್ತೆ ಅಂತ ಆವಾಗ ನೋಡಿದ್ರು. ಕೇಳೋ ಕಿವೀನೂ ಹಾಗೇ ಮಾಡಿದ್ರೆ ಹೇಗೆ ಅಂತ ತಲೆಗೆ ಬಂತು."

"ನನಗೆ ಯಾವಾಗಿಂದ?"

"ನಿನಗೆ ಮೈ ನೆರೆಯೋ ವಯಸ್ಸು, ಇಬ್ಬರ ಜೊತೇನೂ ಮಾತು ಬಿಟ್ಟು ಮುಖ ಊದಿಸ್ಕೊಂಡು ಓಡಾಡ್ತಿದ್ದೆ. ಒಂದಿನ ಎಡಗಿವಿ ಅಂತ ನೀನು ಏನೋ ಅಂದೆ. ಎಡ ಅಲ್ಲಮ್ಮಾ ಬಲ, ನೀನು ಚಿಕ್ಕಂದಿನಿಂದ ತಪ್ಪು ತಿಳ್ಕೊಂಡಿದ್ದೀಯ ಅಂದ್ರು. ಎಲ್ಲದಕ್ಕೂ ಯಾಕೆ ಅನ್ನೋಳು ಅದೊಂದನ್ನ ಕೇಳದೆ ನಂಬಿದೆ."

"ಎಡಗಡೆಯಿಂದ ಕರೆದ್ರೆ ತಿರುಗ್ತಿದ್ರಲ್ಲಮ್ಮಾ!"

"ನೀನು ಭುಜ ತಟ್ಟಿ ಕರೀತಿದ್ದೆ. ಪೂರ್ತಿ ತಿರುಗಿ ನಿನ್ನ ಮುಖ ನೋಡಿಯೇ ಮಾತಾಡ್ತಿದ್ರು. ಯಾಕೆ ಅನ್ಕೊಂಡಿದ್ದೆ?"

"ಪ್ರೀತಿ ಅನ್ಕೊಂಡಿದ್ದೆ."

ಅಮ್ಮನಿಗೆ ನಗು ಬಂತು. ಅದು ನಗುವಾಗಿಯೇ ಹೊರಬಂದು, ನಡುವೆ ಎಲ್ಲೋ ಅಳುವಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, ಮದುವೆಯಾದ ಹೊಸತರಲ್ಲಿ ಆ ಇಟ್ಟಿಗೆ ಗೂಡಿನಲ್ಲಿ ಕೂತಾಗ ಅಪ್ಪ ಒಂದೇ ಒಂದು ಸಲ ಹೇಳಿದ್ದನ್ನು, ಮಗಳ ಕಡೆ ನೋಡದೆ, ಕಾಲುಚೀಲಗಳಿಗೇ ಹೇಳುವಂತೆ ಹೇಳಿದಳು.

ತಂತಿ ಎಳೆಯುವುದಕ್ಕೆ ಯಾವಾಗಲೂ ಇಬ್ಬರು. ಒಬ್ಬ ಉರುಳೆ ಬಿಚ್ಚಬೇಕು, ಇನ್ನೊಬ್ಬ ನೆಲಕ್ಕೆ ಹೂಳಬೇಕು. ಅಪ್ಪನ ಜೊತೆಯವನು ಸಣ್ಣ ಆಳು, ಸದಾ ಏನಾದರೊಂದು ಗುನುಗುತ್ತಿದ್ದವನು. ಶೆಲ್ ಬಿದ್ದಾಗ ಕಂದಕದ ಗೋಡೆ ಕುಸಿದು ಇಬ್ಬರೂ ಎದೆಮಟ್ಟ ಮಣ್ಣಿನಲ್ಲಿ ಹೂತುಹೋದರು. ಅವನು ಅಪ್ಪನ ಎಡಗಡೆ. ಒಂದು ಸದ್ದೂ ಇಲ್ಲದ್ದರಿಂದ ಅವನು ಸತ್ತೇಹೋದ ಎಂದು ಅಪ್ಪ ತಿಳಿದರು. ಕತ್ತು ತಿರುಗಿಸಲು ಸಾಧ್ಯವಾದದ್ದು ತುಂಬ ಹೊತ್ತಿನ ಮೇಲೆ. ತಿರುಗಿ ನೋಡಿದರೆ ಅವನ ತುಟಿ ಆಡುತ್ತಿದೆ. ಅಷ್ಟು ಹೊತ್ತೂ ಅವನು ಮಾತಾಡುತ್ತಲೇ ಇದ್ದ. ಅಪ್ಪ ತಿಣುಕಿ, ಮೈ ಹಿಂಡಿ, ಬಲಗಿವಿಯನ್ನು ಅವನ ಬಾಯಿಯ ಹತ್ತಿರ ತಂದರು.

"ಏನಂದನಂತೆ?"

"'ಅಷ್ಟು ಮಾಡು. ಮರೀಬೇಡ,' ಅಂದನಂತೆ. ಅಷ್ಟೇ. ಆಮೇಲೆ ತುಟಿ ನಿಂತುಹೋಯ್ತಂತೆ."

"ಎಷ್ಟು? ಏನು ಮಾಡ್ಬೇಕಿತ್ತು?"

"ಅದೇ ಗೊತ್ತಿಲ್ವಲ್ಲೇ. ಸೈನ್ಯ ಬಿಟ್ಟ ಮೇಲೆ ಅವನ ಊರು ಹುಡುಕ್ಕೊಂಡು ಹೋಗಿದ್ರು. ಅವರಮ್ಮನ್ನ ಕೇಳಿದ್ರು, ಅಣ್ಣನ್ನ ಕೇಳಿದ್ರು, ಅವನು ಓದಿದ ಶಾಲೆಗೂ ಹೋಗಿ ಕೇಳಿದ್ರು. ಅವನಿಗೆ ಏನು ಬೇಕಾಗಿತ್ತು ಅಂತ ಯಾರಿಗೂ ಗೊತ್ತಿರ್ಲಿಲ್ಲ."

ಹೊರಗೆ ಯಾರೋ "ಹೊತ್ತಾಯ್ತು, ಎತ್ತೋಣ," ಎಂದರು.

*

ಮಣ್ಣು ಮಾಡುವ ಜಾಗ ಊರಿನ ಹಿಂದಿನ ದಿಣ್ಣೆಯ ಮೇಲೆ. ಏರು ಹತ್ತುವಾಗ ಹೊರುವವರು ಪದೇ ಪದೇ ಹೆಗಲು ಬದಲಾಯಿಸಿದರು. ಕ್ಷೌರಿಕ ಮಾತ್ರ ತನ್ನ ಸರದಿ ಯಾರಿಗೂ ಬಿಟ್ಟುಕೊಡಲಿಲ್ಲ. ಗುಂಡಿಯ ಅಂಚಿನಲ್ಲಿ, "ನೀವು ನಾಲ್ಕು ಮಾತಾಡಿ," ಎಂದು ಯಾರೋ ವಕೀಲರನ್ನು ಮುಂದಕ್ಕೆ ತಳ್ಳಿದರು. ಅವರು ಮುಂದೆ ಬಂದರು, ಗಂಟಲು ಸರಿಮಾಡಿಕೊಂಡರು, ಜನರ ಮುಖ ನೋಡಿದರು. ಕೊನೆಗೆ ಬಗ್ಗಿ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು.

ಬಿಸಿಲು ಇಳಿಯುವ ಹೊತ್ತಿಗೆ ಬೀದಿಯ ಕುರ್ಚಿಗಳು ಗಾಡಿ ಹತ್ತಿದವು. ಅಮ್ಮನಿಗೆ ನಿದ್ದೆ ಹತ್ತಿತ್ತು. ಯಾಕಮ್ಮ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಹೊರಗೆ ಬಂದರೆ, ಕಂಡಕ್ಟರ್ ಇನ್ನೂ ಮನೆಗೆ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಟಿಕೆಟು ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಡ್ಯೂಟಿ?"

"ಬೇರೆಯವರು ಹೋದ್ರು."

ಯಾಕಮ್ಮ ಪಕ್ಕದಲ್ಲಿ ಕೂತಳು. ಎದುರು ಮನೆಯ ಗೋಡೆಯ ಮೇಲೆ ಬಿಸಿಲು ಒಂದು ಗೇಣು ಉಳಿದಿತ್ತು. ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ನಮ್ಮಮ್ಮ ಇನ್ನೂ ಇದಾರೆ," ಎಂದಳು ಕಂಡಕ್ಟರ್. "ಅದೇ ಮನೇಲಿ. ಆ ಮನುಷ್ಯ ಹೋಗಿ ಎಷ್ಟೋ ವರ್ಷ ಆಯ್ತು. ನಾನೇ ಕೇಳಿ ಈ ರೂಟು ಹಾಕಿಸ್ಕೊಂಡೆ, ಯಾಕೆ ಅಂತ ಯಾರಿಗೂ ಹೇಳಿಲ್ಲ. ಬಸ್ಸು ದಿನಾ ಆ ಬಾಗಿಲ ಮುಂದೇನೇ ಹೋಗುತ್ತೆ. ಅಮ್ಮ ಕೆಲವು ಸಲ ಹೊರಗೆ ನಿಂತಿರ್ತಾರೆ..."

ಯಾಕಮ್ಮನ ನಾಲಿಗೆಯ ತುದಿಗೆ ಒಂದರ ಹಿಂದೊಂದು ಪ್ರಶ್ನೆಗಳು ಬಂದವು. ಅವಳು ಎದುರಿನ ಗೋಡೆಯನ್ನೇ ನೋಡುತ್ತ ಕೂತಳು.

ಒಳಗೆ ಹಾಲು ಪಾತ್ರೆಯ ಅಂಚಿಗೆ ಬಂದು, ಒಂದು ಕ್ಷಣ ನಿಂತು, ಉಕ್ಕಿತು. ಒಲೆ ಚುರ್ರೆಂದಿತು. ಸೀದ ವಾಸನೆ ಹೊರಗಿನವರೆಗೂ ಬಂತು. ಕಂಡಕ್ಟರ್ ಹೇಳುತ್ತಲೇ ಇದ್ದಳು, ಯಾಕಮ್ಮ ಕದಲಲಿಲ್ಲ. ಉಕ್ಕಿದ ಹಾಲು ಒಲೆಕಟ್ಟೆಯಿಂದ ನೆಲಕ್ಕಿಳಿದು, ಬೆಳ್ಳಗೆ, ಸದ್ದಿಲ್ಲದೆ, ಹೊಸ್ತಿಲ ಕಡೆ ಹರಿಯತೊಡಗಿತು.